ಜೆರ್ಮಾಟ್‌ಗೆ ಹೋಗೋದಾ, ಶಾಮೊನಿಗೆ ಹೋಗೋದಾ? ಸ್ಕೀ ರಜೆಗೆ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಲ್ಪ್ಸ್‌ನಲ್ಲಿ ಒಂದು ವಾರ ಸ್ಕೀಯಿಂಗ್ ಮಾಡೋಣ ಅಂತ ಹೊರಟವರು ಕೊನೆಗೆ ಈ ಎರಡು ಹೆಸರಿಗೆ ಬಂದು ನಿಲ್ಲುತ್ತಾರೆ. ಒಂದು ಸ್ವಿಟ್ಜರ್‌ಲೆಂಡ್‌ನ ಜೆರ್ಮಾಟ್, ಇನ್ನೊಂದು ಫ್ರಾನ್ಸ್‌ನ ಶಾಮೊನಿ. ನಾನು ಎರಡೂ ಕಡೆ ಇದ್ದು ಬಂದಿದ್ದೇನೆ, ಎರಡೂ ಕಡೆ ಬಿದ್ದಿದ್ದೇನೆ. ಗೆಳೆಯರು, ನೆಂಟರು, ನೆಂಟರ ಗೆಳೆಯರು ಎಲ್ಲ ಅದೇ ಪ್ರಶ್ನೆಗಳನ್ನು ಕೇಳುತ್ತಿರುವುದರಿಂದ ಒಂದು ಕಡೆ ಬರೆದಿಟ್ಟಿದ್ದೇನೆ.

ಸುತ್ತಿ ಬಳಸಬೇಡಿ, ಯಾವುದಕ್ಕೆ ಹೋಗಲಿ?

ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಸ್ಕೀಯಿಂಗ್ ಬರುವವರು ಯಾರು? ಅವರಿಗೆ ಯಾವುದು ಸರಿಯೋ ಅದಕ್ಕೆ ಹೋಗಿ. ಚೆನ್ನಾಗಿ ಸ್ಕೀ ಮಾಡುವವರು ಎಲ್ಲಿ ಬಿಟ್ಟರೂ ಖುಷಿ ಪಡುತ್ತಾರೆ. ಇಳಿಜಾರು ನೋಡಿ ಕಾಲು ನಡುಗುವವರು ಮೂರನೇ ದಿನವೇ ಹೋಟೆಲ್ ರೂಮಿನಲ್ಲಿ ಕೂತುಬಿಟ್ಟರೆ ಇಡೀ ಗುಂಪಿನ ರಜೆ ಕೆಡುತ್ತದೆ.

ನಡುಮಟ್ಟದವರು, ಅಂದರೆ ಬೀಳದೆ ಕೆಂಪು ಇಳಿಜಾರು (ಸ್ವಲ್ಪ ಕಷ್ಟದ್ದು, ಬಣ್ಣಗಳ ಲೆಕ್ಕ ಕೆಳಗಿದೆ) ಇಳಿಯಬಲ್ಲವರು ಜಾಸ್ತಿ ಇದ್ದರೆ ಜೆರ್ಮಾಟ್. ಯಂತ್ರ ಓಡಿಸಿ ಹದ ಮಾಡದ ಹಿಮದಲ್ಲಿ, ಗೈಡ್ ಜೊತೆ ಸಾಹಸಕ್ಕೆ ಹೋಗುವ ಆಸೆ ಇದ್ದರೆ ಶಾಮೊನಿ. ಅರ್ಧ ಜನ ಸ್ಕೀ ಮಾಡುವವರು, ಅರ್ಧ ಜನ ಮಾಡದವರು ಅಂತಾದರೆ ಲೆಕ್ಕ ಸ್ವಲ್ಪ ಕಷ್ಟ, ಅದನ್ನು ಕೆಳಗೆ ಹೇಳಿದ್ದೇನೆ.

ಎರಡೂ ಆಲ್ಪ್ಸ್ ತಾನೆ, ಅಷ್ಟೊಂದು ಏನು ವ್ಯತ್ಯಾಸ?

ಜೆರ್ಮಾಟ್ ಅಂದರೆ ಒಂದೇ ದೊಡ್ಡ ಜೋಡಿಸಿದ ಬೆಟ್ಟ. ಶಾಮೊನಿ ಅಂದರೆ ಒಂದು ಕಣಿವೆ, ಅದರ ಎರಡೂ ಬದಿಯಲ್ಲಿ ಬೇರೆ ಬೇರೆ ಬೆಟ್ಟಗಳು.

ಜೆರ್ಮಾಟ್‌ನಲ್ಲಿ ಬೆಳಗ್ಗೆ ಸುನೆಗ್ಗಾ ಕಡೆಯಿಂದ ಹತ್ತಿದವರು ಲಿಫ್ಟು, ಇಳಿಜಾರು ಅಂತ ಹಿಡಿದುಕೊಂಡು ಗಾರ್ನರ್‌ಗ್ರಾಟ್ ಕಡೆಗೆ, ಅಲ್ಲಿಂದ ಕ್ಲೈನ್ ಮ್ಯಾಟರ್‌ಹಾರ್ನ್ ಕಡೆಗೆ, ಅಲ್ಲಿಂದ ಗಡಿ ದಾಟಿ ಇಟಲಿಯ ಚೆರ್ವಿನಿಯಾಗೂ ಸ್ಕೀ ಮೇಲೆಯೇ ಹೋಗಬಹುದು. ಇಟಲಿ ಕಡೆಯದ್ದೂ ಸೇರಿ ಸುಮಾರು 360 ಕಿ.ಮೀ. ಇಳಿಜಾರು. ಗುಂಪು ಚದುರಿದರೂ ಮಧ್ಯಾಹ್ನ ಊಟಕ್ಕೆ ಒಂದು ಕಡೆ ಸೇರಬಹುದು. ಇದರ ಬೆಲೆ ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ.

ಶಾಮೊನಿಯಲ್ಲಿ ಬ್ರೆವಾಂ ಮತ್ತು ಫ್ಲೆಜೇರ್ ಎರಡನ್ನು ಒಂದು ಕೇಬಲ್ ಕಾರ್ ಸೇರಿಸುತ್ತದೆ. ಉಳಿದವು, ಅಂದರೆ ಅರ್ಜಾಂತಿಯೇರ್ ಊರಿನ ಮೇಲಿರುವ ಗ್ರಾಂ ಮೊಂತೆ, ಕಣಿವೆಯ ತುದಿಯಲ್ಲಿರುವ ಲೆ ತೂರ್, ಇನ್ನೊಂದು ತುದಿಯ ಲೆ ಊಶ್, ಎಲ್ಲ ಬಿಡಿ ಬಿಡಿ. ಬಸ್ಸಿನಲ್ಲೋ ರೈಲಿನಲ್ಲೋ ಹೋಗಬೇಕು. ಹೋಟೆಲಿನವರು ಕೊಡುವ ಅತಿಥಿ ಕಾರ್ಡ್ ತೋರಿಸಿದರೆ ಕಣಿವೆಯ ಬಸ್ಸಿಗೆ ಟಿಕೆಟ್ ಬೇಕಿಲ್ಲ. ಆದರೆ ಸ್ಕೀ ಬೂಟು ಹಾಕಿಕೊಂಡು, ಹೆಗಲ ಮೇಲೆ ಸ್ಕೀ ಹೊತ್ತು, ತುಂಬಿದ ಬಸ್ಸಿನಲ್ಲಿ ನಿಂತು ಹೋಗುವುದಿದೆಯಲ್ಲ, ಅದನ್ನು ಎರಡು ದಿನ ಮಾಡಿದ ಮೇಲೆ ನಮ್ಮ ಜೊತೆ ಬಂದಿದ್ದವರೊಬ್ಬರು ಸ್ಕೀಯಿಂಗ್‌ಗಿಂತ ಬಸ್ಸೇ ಕಷ್ಟ ಅಂದುಬಿಟ್ಟರು. ಗುಂಪಿನಲ್ಲಿ ಒಬ್ಬರು ಲೆ ತೂರ್‌ಗೆ, ಇನ್ನೊಬ್ಬರು ಲೆ ಊಶ್‌ಗೆ ಹೋದರೆ ಸಂಜೆಯವರೆಗೆ ಮುಖ ನೋಡುವ ಹಾಗಿಲ್ಲ.

ನನಗೆ ಸ್ಕೀಯಿಂಗ್ ಬರೋದೇ ಇಲ್ಲ. ಮೊದಲ ಸಲಕ್ಕೆ ಯಾವುದು?

ನಿಜ ಹೇಳಲಾ? ಎರಡೂ ಬೇಡ. ಮೊದಲ ವಾರ ಪೂರ್ತಿ ಒಂದೇ ಚಿಕ್ಕ ಇಳಿಜಾರಿನಲ್ಲಿ ಮೇಲೆ ಕೆಳಗೆ ಮಾಡುತ್ತೀರಿ. ಅದಕ್ಕೆ ದೊಡ್ಡ ಹೆಸರಿನ ಬೆಟ್ಟದ ಲಿಫ್ಟ್ ಪಾಸ್ ತೆಗೆದುಕೊಳ್ಳುವುದು ಸುಮ್ನೆ ದುಡ್ಡು ದಂಡ.

ಆದರೂ ಗುಂಪಿನ ಜೊತೆ ಹೋಗಲೇಬೇಕು ಅಂತಿದ್ದರೆ ಹೀಗೆ ಮಾಡಿ. ಶಾಮೊನಿಯಲ್ಲಿ ಕಲಿಯುವವರಿಗೆಂದೇ ಕಣಿವೆಯ ತಳದಲ್ಲಿ ಜಾಗಗಳಿವೆ. ಲೆ ತೂರ್‌ನ ಲಾ ವೊರ್ಮೆನ್ ಒಂದು, ಊರಿನ ಪಕ್ಕದ ಪ್ಲಾನಾರ್ ಇನ್ನೊಂದು. ಇವಕ್ಕೆ ದೊಡ್ಡ ಪಾಸ್ ಬೇಕಿಲ್ಲ. ತಗ್ಗಿನಲ್ಲಿರುವುದರಿಂದ ಹಿಮ ಕಡಿಮೆ ಬಿದ್ದ ವರ್ಷ ಮಾತ್ರ ತೊಂದರೆ. ಜೆರ್ಮಾಟ್‌ನಲ್ಲಿ ಸುನೆಗ್ಗಾ ಹತ್ತಿರ ವೊಲ್ಲಿ ಪಾರ್ಕ್ ಅಂತ ಇದೆ. ಬೆಟ್ಟದ ಒಳಗಿನ ಸುರಂಗದಲ್ಲಿ ಓಡುವ ಫ್ಯುನಿಕ್ಯುಲರ್ ರೈಲಿನಲ್ಲಿ ಕೆಲವೇ ನಿಮಿಷದಲ್ಲಿ ಅಲ್ಲಿಗೆ ತಲುಪಬಹುದು. ಎದುರಿಗೆ ಮ್ಯಾಟರ್‌ಹಾರ್ನ್ ಶಿಖರ ನಿಂತಿರುತ್ತದೆ, ಬಿದ್ದರೂ ನೋಟ ಚೆನ್ನಾಗಿರುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದಕ್ಕೆ ಹೋಗುವಾಗ. ಜೆರ್ಮಾಟ್‌ನ ಬೆಟ್ಟದಲ್ಲಿ ಬಹುಪಾಲು ಕೆಂಪು, ಸುಲಭದ ನೀಲಿ ಕಡಿಮೆ.

ಕೆಂಪು, ನೀಲಿ ಅಂತೀರಲ್ಲ, ಏನದು?

ಇಳಿಜಾರಿಗೆ ಕೊಡುವ ಬಣ್ಣ. ಫ್ರಾನ್ಸ್‌ನಲ್ಲಿ ಹಸಿರು ಎಲ್ಲಕ್ಕಿಂತ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ಜೆರ್ಮಾಟ್‌ನಲ್ಲಿ ನೀಲಿಯಿಂದ ಶುರು. ಜೊತೆಗೆ ಹಳದಿ ಬಣ್ಣದ ದಾರಿಗಳಿವೆ. ಹಿಮಕುಸಿತದ ಅಪಾಯ ನೋಡಿಕೊಂಡು ಅವನ್ನು ತೆರೆಯುತ್ತಾರೆ, ಆದರೆ ಯಂತ್ರ ಓಡಿಸಿ ಹದ ಮಾಡಿರುವುದಿಲ್ಲ. ಹಳದಿ ಅಂದರೆ ಸುಲಭ ಅಂದುಕೊಂಡು ನುಗ್ಗಿದರೆ ಮೊಣಕಾಲುದ್ದ ಹಿಮದಲ್ಲಿ ಸಿಕ್ಕಿಕೊಳ್ಳುತ್ತೀರಿ.

ಒಂದು ಕಡೆಯ ನೀಲಿ ಇನ್ನೊಂದು ಕಡೆಯ ನೀಲಿಗೆ ಸಮ ಅಂತ ನಂಬಬೇಡಿ. ಬೆಳಗ್ಗೆ ಸಲೀಸಾದ ಕೆಂಪು ಸಂಜೆ ನಾಲ್ಕಕ್ಕೆ ಮಂಜುಗಡ್ಡೆಯಾಗಿ, ಜನ ತುಂಬಿ, ಕಪ್ಪಿಗಿಂತ ಕಷ್ಟ ಆಗಿರುತ್ತದೆ. ಎರಡೂ ಊರಿನಲ್ಲಿ ನಾನು ಕೊಡುವ ಬುದ್ಧಿಮಾತು ಒಂದೇ: ಕಾಲು ಸೋತಿದ್ದರೆ ಕೊನೆಯ ಇಳಿಜಾರನ್ನು ಲಿಫ್ಟ್‌ನಲ್ಲೇ ಇಳಿದು ಬನ್ನಿ. ನಾಚಿಕೆ ಏನೂ ಇಲ್ಲ, ಅರ್ಧ ಊರು ಹಾಗೇ ಇಳಿಯುತ್ತದೆ.

ಹಿಮ ಎಲ್ಲಿ ಗ್ಯಾರಂಟಿ?

ಜೆರ್ಮಾಟ್. ಇದರಲ್ಲಿ ವಾದವೇ ಬೇಡ. ಊರೇ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಮೇಲಿನ ಕೇಬಲ್ ಕಾರ್ ನಿಲ್ದಾಣ 3,883 ಮೀಟರ್. ಯುರೋಪಿನಲ್ಲಿ ಇದಕ್ಕಿಂತ ಎತ್ತರದ ಕೇಬಲ್ ಕಾರ್ ನಿಲ್ದಾಣ ಇಲ್ಲ. ಅಲ್ಲಿ ಹಿಮನದಿಯ ಮೇಲೆ ಬೇಸಿಗೆಯಲ್ಲೂ ಸ್ಕೀ ಮಾಡುತ್ತಾರೆ. ವಿಚಿತ್ರ ಏನೆಂದರೆ ಜೆರ್ಮಾಟ್ ಸುತ್ತ ಹಿಮ ಬೀಳುವುದು ಅಷ್ಟೇನೂ ಜಾಸ್ತಿ ಇಲ್ಲ. ಸುತ್ತಲ ಎತ್ತರದ ಬೆಟ್ಟಗಳು ಮೋಡ ತಡೆಯುತ್ತವೆ, ಒಣ ಹವೆ. ಆದರೆ ಬಿದ್ದದ್ದು ಎತ್ತರ ಮತ್ತು ಚಳಿಯಿಂದಾಗಿ ಹಾಗೇ ಉಳಿಯುತ್ತದೆ.

ಶಾಮೊನಿ ಊರು 1,035 ಮೀಟರ್‌ನಲ್ಲಿದೆ. ಮೇಲೆ ಹಿಮ ಬೀಳುತ್ತಿರುವಾಗ ಊರಲ್ಲಿ ಮಳೆ ಸುರಿಯುವುದು ಅಲ್ಲಿ ಮಾಮೂಲು. ಇನ್ನೊಂದು ವಿಷಯ ನೋಡಬೇಕು, ಬೆಟ್ಟ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ. ಬ್ರೆವಾಂ, ಫ್ಲೆಜೇರ್ ದಕ್ಷಿಣಕ್ಕೆ ಮುಖ. ಜನವರಿಯಲ್ಲಿ ಬಿಸಿಲು ಸಿಗುತ್ತದೆ, ಹಿತ. ಮಾರ್ಚ್ ಕೊನೆಯ ಮಧ್ಯಾಹ್ನ ಅದೇ ಬಿಸಿಲಿಗೆ ಹಿಮ ಕರಗಿ ಗಂಜಿಯ ಹಾಗಾಗುತ್ತದೆ. ಗ್ರಾಂ ಮೊಂತೆ ಉತ್ತರಕ್ಕೆ ಮುಖ, ಹಿಮ ಒಣಗಿಯೇ ಇರುತ್ತದೆ, ಚಳಿಯೂ ಮೂಳೆಗೆ ಇಳಿಯುತ್ತದೆ.

ಗ್ರಾಂ ಮೊಂತೆ ಬಗ್ಗೆ ಹಳೆಯ ಬರಹಗಳನ್ನು ಓದಿ ಆಸೆ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. 2018ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ನಡುವಿನ ನಿಲ್ದಾಣ ಬೆಂಕಿಗೆ ಸುಟ್ಟುಹೋಯಿತು, ತುದಿಗೆ ಒಯ್ಯುತ್ತಿದ್ದ ಕೇಬಲ್ ಕಾರ್ ನಿಂತುಹೋಯಿತು. ಹೋಟೆಲ್ ಬುಕ್ ಮಾಡುವ ಮೊದಲು ಆ ಸೀಸನ್‌ನಲ್ಲಿ ಯಾವ ಲಿಫ್ಟ್ ಓಡುತ್ತದೆ ಅಂತ ಶಾಮೊನಿಯ ಲಿಫ್ಟ್ ಪಟ್ಟಿಯನ್ನು ಒಮ್ಮೆ ನೋಡಿ.

ಹವಾಮಾನ ಕೆಟ್ಟರೆ?

ಇದನ್ನು ಯಾರೂ ಮೊದಲು ಕೇಳುವುದಿಲ್ಲ. ಒಂದು ವಾರದಲ್ಲಿ ಒಂದೆರಡು ದಿನ ಕೆಡುವುದು ಸಹಜ.

ಜೆರ್ಮಾಟ್‌ನ ಶತ್ರು ಗಾಳಿ. ದಕ್ಷಿಣದಿಂದ ಫೋನ್ ಗಾಳಿ ಬೀಸಿದರೆ ಮೇಲಿನ ಲಿಫ್ಟ್‌ಗಳು ನಿಲ್ಲುತ್ತವೆ. (ಫೋನ್ ಅಂದರೆ ನಿಮ್ಮ ಜೇಬಿನಲ್ಲಿರುವುದಲ್ಲ, ಆಲ್ಪ್ಸ್ ದಾಟಿ ಇಳಿಯುವ ಬಿಸಿಗಾಳಿಯ ಹೆಸರು.) ಆಗ ಎಲ್ಲರೂ ಕೆಳಗಿನ ಇಳಿಜಾರುಗಳಿಗೇ ಬರುತ್ತಾರೆ, ನೂಕುನುಗ್ಗಲು. ಗಾರ್ನರ್‌ಗ್ರಾಟ್‌ಗೆ ಹೋಗುವ ಹಲ್ಲುಹಳಿ ರೈಲು ಮಾತ್ರ ಗಾಳಿಗೆ ಅಷ್ಟು ಬೇಗ ಜಗ್ಗುವುದಿಲ್ಲ. 1898ರಿಂದ ಓಡುತ್ತಿದೆ, ವಿದ್ಯುತ್ತಿನಲ್ಲಿ. ತುದಿ ನಿಲ್ದಾಣ 3,089 ಮೀಟರ್.

ಮೋಡ ಕವಿದು ಏನೂ ಕಾಣದ ದಿನ ಮರಗಳಿರುವ ಇಳಿಜಾರು ಬೇಕು. ಮರ ಇದ್ದರೆ ಕಣ್ಣಿಗೆ ಆಧಾರ ಸಿಗುತ್ತದೆ, ನೆಲ ಎಲ್ಲಿ ಮುಗಿಯಿತು ಆಕಾಶ ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತದೆ. ಅಂಥ ದಿನ ಶಾಮೊನಿಯಲ್ಲಿ ನೇರ ಲೆ ಊಶ್‌ಗೆ ಹೋಗಿ. ಕಾಂದಾಹಾರ್ ಹೆಸರಿನ ವಿಶ್ವಕಪ್ ರೇಸ್ ನಡೆಯುವ ಇಳಿಜಾರು ಅಲ್ಲೇ ಇದೆ. ಕೆಟ್ಟ ಹವೆಯ ದಿನದ ಮಟ್ಟಿಗೆ ಶಾಮೊನಿಗೇ ನನ್ನ ವೋಟು.

ಇನ್ನು ಹಿಮ ಅತಿಯಾದರೆ ಜೆರ್ಮಾಟ್‌ಗೆ ಹೋಗುವ ದಾರಿಯೇ ಮುಚ್ಚಬಹುದು. 2018ರ ಜನವರಿಯಲ್ಲಿ ರಸ್ತೆ, ರೈಲು ಎರಡೂ ಬಂದ್ ಆಗಿ ಸುಮಾರು 13,000 ಪ್ರವಾಸಿಗರು ಊರಲ್ಲೇ ಉಳಿದರು. ಕೆಲವರನ್ನು ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾಯಿತು. ವಾಪಸ್ ವಿಮಾನಕ್ಕೆ ಒಂದು ದಿನ ಅಂತರ ಇಟ್ಟುಕೊಂಡರೆ ಒಳ್ಳೆಯದು.

ತಲುಪೋದು ಯಾವುದಕ್ಕೆ ಸುಲಭ?

ಶಾಮೊನಿ. ಜಿನೀವಾ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ಶನಿವಾರ ಟ್ರಾಫಿಕ್ ಇದ್ದರೆ ಹೆಚ್ಚು. ಜೆರ್ಮಾಟ್‌ಗೆ ಜ್ಯೂರಿಕ್‌ನಿಂದ ರೈಲಿನಲ್ಲಿ ಸುಮಾರು ಮೂರೂವರೆ ಗಂಟೆ, ಜಿನೀವಾದಿಂದ ನಾಲ್ಕು ಗಂಟೆ ಹತ್ತಿರ. ಎರಡಕ್ಕೂ ಫಿಸ್ಪ್ ಎಂಬ ಊರಿನಲ್ಲಿ ರೈಲು ಬದಲಿಸಬೇಕು.

ಜೆರ್ಮಾಟ್‌ಗೆ ಕಾರು ಹೋಗುವುದಿಲ್ಲ. ಐದು ಕಿ.ಮೀ. ಹಿಂದೆ ಟೆಶ್‌ನಲ್ಲಿ ನಿಲ್ಲಿಸಿ, ಹನ್ನೆರಡು ನಿಮಿಷದ ರೈಲು ಹಿಡಿಯಬೇಕು. ಊರೊಳಗೆ ಓಡುವುದು ಪುಟ್ಟ ಎಲೆಕ್ಟ್ರಿಕ್ ಟ್ಯಾಕ್ಸಿಗಳು. ಪೆಟ್ರೋಲ್ ಗಾಡಿಯ ಸದ್ದಿಲ್ಲ, ಮಕ್ಕಳನ್ನು ಬೀದಿಯಲ್ಲಿ ನಿಶ್ಚಿಂತೆಯಿಂದ ಬಿಡಬಹುದು ಅಂದುಕೊಳ್ಳುತ್ತೀರಿ, ಅಷ್ಟರಲ್ಲಿ ಆ ಟ್ಯಾಕ್ಸಿಯೇ ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಂತಿರುತ್ತದೆ!

ವೀಸಾ?

ಷೆಂಗೆನ್ ವೀಸಾ ಒಂದಿದ್ದರೆ ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಇಟಲಿ ಮೂರಕ್ಕೂ ಆಗುತ್ತದೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶದ ಮೂಲಕ ಅರ್ಜಿ ಹಾಕಿ. ಸ್ಕೀ ಮೇಲೆ ಗಡಿ ದಾಟುವಾಗ ಪಾಸ್‌ಪೋರ್ಟ್ ಜೊತೆಗಿರಲಿ.

ಖರ್ಚು?

ಜೆರ್ಮಾಟ್ ದುಬಾರಿ. ರೂಮು, ಊಟ, ಪಾಸ್, ಎಲ್ಲದರಲ್ಲೂ. ಅಲ್ಲಿ ಫ್ರಾಂಕ್, ಶಾಮೊನಿಯಲ್ಲಿ ಯೂರೋ. ಬೆಲೆ ನೋಡುವಾಗ ಎರಡನ್ನೂ ಒಂದೇ ನಾಣ್ಯಕ್ಕೆ ತಿರುಗಿಸಿ ನೋಡಿ, ಬರೀ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಶಾಮೊನಿಯಲ್ಲಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದು, ಸೂಪರ್ ಮಾರ್ಕೆಟ್‌ನಿಂದ ಸಾಮಾನು ತಂದು ಬೇಯಿಸಿಕೊಂಡರೆ ಸಾಕಷ್ಟು ಉಳಿಯುತ್ತದೆ. ಜೆರ್ಮಾಟ್‌ನಲ್ಲೂ ಇದನ್ನೇ ಮಾಡಬಹುದು, ಉಳಿದ ಮೇಲೂ ಶಾಮೊನಿಗಿಂತ ಜಾಸ್ತಿಯೇ ಆಗಿರುತ್ತದೆ.

ಲಿಫ್ಟ್ ಪಾಸ್ ಕೊಳ್ಳುವಾಗ ಒಳಗೆ ಏನೇನು ಸೇರಿದೆ ಓದಿ. ಶಾಮೊನಿಯಲ್ಲಿ ಎರಡು ಬಗೆ ಇದೆ. ಚಿಕ್ಕ ಪಾಸ್‌ನಲ್ಲಿ ಐಗುಯ್ ದ್ಯು ಮಿದಿ ಶಿಖರಕ್ಕೆ ಹೋಗುವ ಕೇಬಲ್ ಕಾರ್ ಸೇರುವುದಿಲ್ಲ, ಅದಕ್ಕೆ ಮೌಂಟ್ ಬ್ಲಾಂಕ್ ಅನ್‌ಲಿಮಿಟೆಡ್ ಎಂಬ ದೊಡ್ಡ ಪಾಸ್ ಬೇಕು. ಜೆರ್ಮಾಟ್‌ನಲ್ಲಿ ಸ್ವಿಸ್ ಬದಿಗೆ ಒಂದು, ಇಟಲಿಯೂ ಸೇರಿದ್ದು ಇನ್ನೊಂದು. ಇಟಲಿಗೆ ಒಂದೇ ದಿನ ಹೋಗುವ ಯೋಚನೆ ಇದ್ದರೆ ಸ್ವಿಸ್ ಪಾಸ್ ತೆಗೆದುಕೊಂಡು ಆ ದಿನಕ್ಕೆ ಮಾತ್ರ ಹೆಚ್ಚುವರಿ ಕಟ್ಟಿ.

ಇಟಲಿಗೆ ಸ್ಕೀ ಮೇಲೆ ಹೋಗಿ ಊಟ ಮಾಡಿ ಬರಬಹುದಂತೆ, ನಿಜಾನಾ?

ನಿಜ, ಮಜಾ ಕೂಡ. ಆದರೆ ಮೂರು ವಿಷಯ ನೆನಪಿರಲಿ. ಇಟಲಿಯಲ್ಲಿ ಸ್ಕೀ ಮಾಡಲು 2022ರಿಂದ ಇತರರಿಗೆ ಆಗುವ ಹಾನಿಗೆ ವಿಮೆ ಕಡ್ಡಾಯ. 2025ರ ನವೆಂಬರ್‌ನಿಂದ ವಯಸ್ಸು ಎಷ್ಟೇ ಇರಲಿ ಹೆಲ್ಮೆಟ್ ಕಡ್ಡಾಯ. ಮೂರನೆಯದು ಗಡಿಯಾರ. ಮಧ್ಯಾಹ್ನ ಗಾಳಿ ಎದ್ದು ಮೇಲಿನ ಲಿಫ್ಟ್ ನಿಂತರೆ, ಅಥವಾ ಕೊನೆಯ ಲಿಫ್ಟ್ ತಪ್ಪಿದರೆ, ನೀವು ಇಟಲಿಯಲ್ಲಿ, ನಿಮ್ಮ ಹಲ್ಲುಜ್ಜುವ ಬ್ರಷ್ ಸ್ವಿಟ್ಜರ್‌ಲೆಂಡ್‌ನಲ್ಲಿ. ಬೆಟ್ಟ ಸುತ್ತಿ ರಸ್ತೆಯಲ್ಲಿ ಬರಲು ಟ್ಯಾಕ್ಸಿಗೆ ಗಂಟೆಗಟ್ಟಲೆ, ಬಿಲ್ಲು ನೋಡಿದರೆ ಜೀವ ಬಾಯಿಗೆ ಬರುತ್ತದೆ. ನಾವು ಒಮ್ಮೆ ಊಟದ ಮೇಲೆ ಇನ್ನೊಂದು ಕಾಫಿ ಅಂತ ಕೂತು, ಕೊನೆಯ ಲಿಫ್ಟ್‌ಗೆ ಐದು ನಿಮಿಷ ಇದೆ ಅನ್ನುವಾಗ ಏದುಸಿರು ಬಿಡುತ್ತಾ ತಲುಪಿದ್ದೆವು. ಮತ್ತೆ ಹಾಗೆ ಮಾಡಿಲ್ಲ.

ಹಿಮನದಿಯ ಮೇಲೆ ಸ್ಕೀ ಮಾಡುತ್ತಾ ಇಳಿಯುವ ವಾಲೆ ಬ್ಲಾಂಶ್ ಬಗ್ಗೆ ಕೇಳಿದ್ದೇನೆ. ಅದಕ್ಕಾಗಿಯೇ ಶಾಮೊನಿಗೆ ಹೋಗಬಹುದಾ?

ಹೋಗಬಹುದು. ನನ್ನ ಪ್ರಕಾರ ಶಾಮೊನಿ ಆರಿಸಲು ಇದೇ ಮೊದಲ ಕಾರಣ.

1955ರಲ್ಲಿ ಶುರುವಾದ ಐಗುಯ್ ದ್ಯು ಮಿದಿ ಕೇಬಲ್ ಕಾರ್ ಇಪ್ಪತ್ತು ನಿಮಿಷದಲ್ಲಿ ಊರಿನಿಂದ 3,842 ಮೀಟರ್ ಎತ್ತರದ ಮೊನಚು ಶಿಖರಕ್ಕೆ ಒಯ್ಯುತ್ತದೆ. ಮಂಜುಗಡ್ಡೆಯ ಸುರಂಗ ದಾಟಿ ಹೊರಗೆ ಬಂದರೆ ಕಿರಿದಾದ ಹಿಮದ ಏಣು, ಎರಡೂ ಬದಿ ಪ್ರಪಾತ. ಗೈಡ್ ನಿಮ್ಮನ್ನು ಹಗ್ಗಕ್ಕೆ ಕಟ್ಟಿಕೊಂಡು ನಡೆಸುತ್ತಾರೆ. ಸ್ಕೀಯಿಂಗ್‌ಗಿಂತ ಈ ಹತ್ತಿಪ್ಪತ್ತು ನಿಮಿಷದ ನಡಿಗೆಗೇ ಹೆಚ್ಚು ಜನ ಹೆದರುವುದು. ಅದಾದ ಮೇಲೆ ಸುಮಾರು ಇಪ್ಪತ್ತು ಕಿ.ಮೀ. ಹಿಮನದಿಯ ಮೇಲೆ ಇಳಿತ. ಗುರುತಿನ ಕಂಬವಿಲ್ಲ, ಹದ ಮಾಡಿದ ದಾರಿಯಿಲ್ಲ. ಸುತ್ತ ಬರೀ ಬಂಡೆ ಮತ್ತು ಮಂಜು.

ಇಳಿಜಾರು ಅಷ್ಟೇನೂ ಕಡಿದಲ್ಲ, ಕೆಂಪು ಸಲೀಸಾಗಿ ಇಳಿಯುವವರು ಮಾಡಬಹುದು. ಅಪಾಯ ಬೇರೆ ಕಡೆ ಇದೆ. ಹಿಮದ ಕೆಳಗೆ ಬಿರುಕುಗಳು ಅಡಗಿರುತ್ತವೆ, ಮೇಲೆ ತೆಳ್ಳನೆ ಹಿಮದ ಮುಚ್ಚಳ. ಇಲ್ಲಿ ಗುರುತು ಹಾಕುವವರಿಲ್ಲ, ಕಾವಲು ತಿರುಗುವವರಿಲ್ಲ. ಮುಂದೆ ಹೋದವರ ಜಾಡು ಹಿಡಿದು ಹೋಗುತ್ತೇನೆ ಅನ್ನುವವರಿಗೆ ನಾನು ಹೇಳುವುದು, ಆ ಜಾಡು ಹಾಕಿದವರಿಗೆ ದಾರಿ ಗೊತ್ತಿತ್ತು ಅಂತ ನಿಮಗೆ ಹೇಗೆ ಗೊತ್ತು? ಗೈಡ್ ಇಲ್ಲದೆ ಹೋಗಬೇಡಿ. ಶಾಮೊನಿಯ ಗೈಡ್‌ಗಳ ಸಂಘ 1821ರದ್ದು, ಪ್ರಪಂಚದಲ್ಲೇ ಹಳೆಯದು. ಗುಂಪಾಗಿ ಹಂಚಿಕೊಂಡರೆ ತಲೆಗೆ ಬೀಳುವ ಖರ್ಚು ತಡೆದುಕೊಳ್ಳುವಷ್ಟಿರುತ್ತದೆ.

ಕೊನೆಯಲ್ಲಿ ಮೇರ್ ದ ಗ್ಲಾಸ್ ಹಿಮನದಿ. ಅದು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಮಂಜಿನ ಮಟ್ಟದಿಂದ ಮೊಂತಾನ್ವೇರ್ ರೈಲು ನಿಲ್ದಾಣದ ಕಡೆಗೆ ಹತ್ತಲು 500ಕ್ಕೂ ಹೆಚ್ಚು ಮೆಟ್ಟಿಲು ಬೇಕಾಗಿದ್ದವು. 2024ರಲ್ಲಿ ಹೊಸ ಗೊಂಡೊಲಾ (ಚಿಕ್ಕ ಪೆಟ್ಟಿಗೆಗಳ ಕೇಬಲ್ ಕಾರ್) ಬಂದ ಮೇಲೆ ಆ ಕಷ್ಟ ಕಡಿಮೆಯಾಗಿದೆ. ಮೆಟ್ಟಿಲ ಪಕ್ಕ ಹಿಂದಿನ ವರ್ಷಗಳ ಮಂಜಿನ ಮಟ್ಟ ತೋರಿಸುವ ಫಲಕಗಳಿವೆ. ತಲೆ ಎತ್ತಿ ನೋಡುತ್ತಾ ಹೋದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಸ್ಕೀ ಮಾಡದವರು ಏನು ಮಾಡಬೇಕು?

ಜೆರ್ಮಾಟ್‌ನಲ್ಲಿ ಗಾರ್ನರ್‌ಗ್ರಾಟ್ ರೈಲು, ಹಿಮದಲ್ಲಿ ನಡೆಯುವ ದಾರಿಗಳು, ರೋಟೆನ್‌ಬೋಡೆನ್‌ನಿಂದ ರಿಫೆಲ್‌ಬರ್ಗ್‌ವರೆಗೆ ಜಾರುಬಂಡಿ. ಸ್ಕೀ ಮಾಡುವವರ ಜೊತೆಗೇ ಮೇಲೆ ಹೋಗಿ ಊಟಕ್ಕೆ ಸೇರಬಹುದು. ಮ್ಯೂಸಿಯಂನಲ್ಲಿ 1865ರ ಜುಲೈ 14ರಂದು ಮ್ಯಾಟರ್‌ಹಾರ್ನ್ ಮೊದಲ ಬಾರಿ ಹತ್ತಿದ ತಂಡದ ತುಂಡಾದ ಹಗ್ಗ ಇದೆ. ಏಳು ಜನ ಹತ್ತಿ, ಇಳಿಯುವಾಗ ನಾಲ್ವರು ಸತ್ತರು. ಇಷ್ಟೊಂದು ಸಪೂರ ಹಗ್ಗವನ್ನಾ ನಂಬಿದ್ದು ಅನ್ನಿಸುತ್ತದೆ.

ಶಾಮೊನಿ ಬರೀ ಸ್ಕೀ ಊರಲ್ಲ, ನಿಜವಾದ ಪಟ್ಟಣ. ವರ್ಷಪೂರ್ತಿ ಜನ ವಾಸಿಸುತ್ತಾರೆ, ಬೀದಿಗಳಿಗೆ ಜೀವವಿದೆ. 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್ ಇಲ್ಲೇ ನಡೆದದ್ದು. ಸ್ಕೀ ಮಾಡದವರೂ ಐಗುಯ್ ದ್ಯು ಮಿದಿ ಹತ್ತಬಹುದು, ಅಲ್ಲಿ ಕಾಲಡಿಯಲ್ಲಿ ಬರೀ ಗಾಜಿರುವ ಪೆಟ್ಟಿಗೆಯೊಳಗೆ ನಿಲ್ಲಬಹುದು. ಎರಡು ದಿನಕ್ಕೆ ಜೆರ್ಮಾಟ್ ಸಾಕು, ಆರು ದಿನ ಸ್ಕೀ ಇಲ್ಲದೆ ಕಳೆಯಬೇಕಾದರೆ ಶಾಮೊನಿಯೇ ವಾಸಿ.

ಅಷ್ಟು ಎತ್ತರ ಮಕ್ಕಳಿಗೆ, ವಯಸ್ಸಾದವರಿಗೆ ಪರವಾಗಿಲ್ವಾ?

ಎರಡೂ ಕಡೆ 3,800 ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟೂ ಇರುವುದಿಲ್ಲ. ತಲೆನೋವು, ಏದುಸಿರು ಬರಬಹುದು. ಬಂದ ಮೊದಲ ದಿನವೇ ತುದಿಗೆ ಹೋಗಬೇಡಿ, ಪುಟ್ಟ ಮಕ್ಕಳನ್ನಂತೂ ಒಯ್ಯಲೇಬೇಡಿ. ಹೃದಯದ, ಉಸಿರಾಟದ ತೊಂದರೆ ಇದ್ದವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ತಲೆನೋವು ಜಾಸ್ತಿಯಾದರೆ ಮಾತ್ರೆ ನುಂಗಿ ಅಲ್ಲೇ ಕೂರಬೇಡಿ, ಕೆಳಗೆ ಇಳಿಯಿರಿ.

ವಿಮೆ ಬೇಕೇ ಬೇಕಾ?

ಬೇಕು. ಎರಡೂ ಕಡೆ ಇಳಿಜಾರಿನಲ್ಲಿ ಬಿದ್ದವರನ್ನು ಕೆಳಗೆ ಸಾಗಿಸುವುದಕ್ಕೆ ಬಿಲ್ ಬರುತ್ತದೆ. ಹೆಲಿಕಾಪ್ಟರ್ ಬಂದರೆ ಕೇಳಲೇಬೇಡಿ. ಮಾಮೂಲಿ ಪ್ರವಾಸ ವಿಮೆಯಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ ಅನ್ನುವುದು ಎಷ್ಟೋ ಜನಕ್ಕೆ ಬಿದ್ದ ಮೇಲೆ ಗೊತ್ತಾಗುತ್ತದೆ. ಹದ ಮಾಡಿದ ದಾರಿ ಬಿಟ್ಟು ಹೋಗುವವರು ಅದೂ ಸೇರಿದೆಯಾ ಅಂತ ಪಾಲಿಸಿಯಲ್ಲಿ ಹುಡುಕಿ. ತುರ್ತು ಕರೆಗೆ ಎರಡೂ ಕಡೆ 112, ಜೆರ್ಮಾಟ್ ಇರುವ ವಾಲೆ ಪ್ರಾಂತ್ಯದಲ್ಲಿ 144.

ಯಾವ ತಿಂಗಳು?

ಜನವರಿ ಎರಡನೇ ವಾರದಿಂದ ತಿಂಗಳ ಕೊನೆಯವರೆಗೆ ಜನ ಕಡಿಮೆ, ಚಳಿ ಜಾಸ್ತಿ. ಫೆಬ್ರವರಿಯಲ್ಲಿ ಫ್ರಾನ್ಸ್‌ನ ಶಾಲೆಗಳಿಗೆ ಸರದಿಯ ಮೇಲೆ ರಜೆ, ಶಾಮೊನಿ ಗಿಜಿಗುಡುತ್ತದೆ. ಮಾರ್ಚ್ ನನಗೆ ಇಷ್ಟ, ಹಗಲು ಉದ್ದ, ಬಿಸಿಲಿದೆ. ಏಪ್ರಿಲ್‌ನಲ್ಲಿ ಹೋಗುವುದಾದರೆ ಯೋಚನೆಯೇ ಬೇಡ, ಜೆರ್ಮಾಟ್.

ಒಂದೇ ರಜೆಯಲ್ಲಿ ಎರಡೂ ನೋಡಬಹುದಾ?

ಹತ್ತು ದಿನ ಇದ್ದರೆ ನೋಡಬಹುದು. ಶಾಮೊನಿಯಿಂದ ಗಡಿ ದಾಟಿ ಮಾರ್ಟಿಗ್ನಿಗೆ ಬೆಟ್ಟದ ರೈಲಿದೆ, ಅಲ್ಲಿಂದ ಫಿಸ್ಪ್, ಆಮೇಲೆ ಜೆರ್ಮಾಟ್. ಸಾಮಾನು ಹೊತ್ತು ರೈಲು ಬದಲಿಸುತ್ತಾ ಅರ್ಧ ದಿನ ಹೋಗುತ್ತದೆ. ಏಳೇ ದಿನ ಇದ್ದರೆ ಬೇಡ.

ಇನ್ನೊಂದು ದಾರಿಯೂ ಇದೆ. ಓಟ್ ರೂಟ್ ಅಂತ, ಶಾಮೊನಿಯಿಂದ ಜೆರ್ಮಾಟ್‌ಗೆ ಹಿಮನದಿಗಳ ಮೇಲೆ ಸ್ಕೀಯಲ್ಲೇ ಹತ್ತಿ ಇಳಿದು, ರಾತ್ರಿ ಬೆಟ್ಟದ ಗುಡಿಸಲುಗಳಲ್ಲಿ ಮಲಗಿ, ಸುಮಾರು ಒಂದು ವಾರ. ಅದನ್ನು ಮಾಡಬಲ್ಲವರು ಈ ಪುಟ ಓದುತ್ತಾ ಕೂರುವುದಿಲ್ಲ ಬಿಡಿ.